ಡಿಜಿಟಲ್ ಒಳಗೊಳ್ಳುವಿಕೆಯೂ ಸರ್ಕಾರದ ಅನುದಾನವೂ: ಅಮೆರಿಕದ ಅನುಭವ

ಗಣಕಯಂತ್ರ, ಅಂತರಜಾಲಗಳ ಬಳಕೆಯಿಂದ ಹೊರಗುಳಿದ ಜನರನ್ನು ಅದರೊಳಕ್ಕೆ ತರುವ ಹೊಣೆ ಯಾರದು, ಅದರ ವೆಚ್ಚವನ್ನು ಭರಿಸತಕ್ಕವರು ಯಾರು ಎಂಬ ಪ್ರಶ್ನೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಚರ್ಚೆಗೆ ಒಳಗಾಗಿದೆ. ಸರ್ಕಾರ ಕೊಟ್ಟ ಹಣದ ಮೊತ್ತಕ್ಕಿಂತಲೂ ಅದನ್ನು ಕೊಟ್ಟ ಬಗೆಯೇ ಈ ಕಾರ್ಯದ ಆಯುಷ್ಯವನ್ನು ನಿರ್ಧರಿಸಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕಾರ್ಯದ ಮೊದಲು ಸರ್ಕಾರದಿಂದಾದುದಲ್ಲ. ಗಣಿತದ ಉಪಾಧ್ಯಾಯಿನಿಯಾಗಿದ್ದ ಆಂಟೋನಿಯಾ ಸ್ಟೋನ್ ಎಂಬಾಕೆ 1983ರಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿ ಬಡವರ ವಸತಿಗೃಹಗಳ ನಡುವೆ ಒಂದು ಗಣಕ ಕೇಂದ್ರವನ್ನು ತೆರೆದರು. ನೆರೆಹೊರೆಯವರು ಬಂದು ಯಂತ್ರವನ್ನು ಮುಟ್ಟಿ, ಕೇಳಿ, ಕಲಿಯಬಹುದಾದ ಸ್ಥಳವದು. ಯಂತ್ರದಷ್ಟೇ ಕಲಿಸುವವರೂ ಮುಖ್ಯರೆಂಬುದು ಅಲ್ಲಿಯೇ ಸ್ಪಷ್ಟವಾಗಿದ್ದಿತು.

ವಾಣಿಜ್ಯ ಇಲಾಖೆಯು 1994ರಲ್ಲಿ ಅನುದಾನ ಯೋಜನೆಯೊಂದನ್ನು ಆರಂಭಿಸಿತು. ಗ್ರಂಥಾಲಯಗಳು, ಶಾಲೆಗಳು, ಸ್ಥಳೀಯ ಸಂಸ್ಥೆಗಳು, ಸೇವಾ ಸಂಘಗಳು ಸ್ಪರ್ಧೆಯ ಮೂಲಕ ಹಣ ಪಡೆಯಬೇಕಾಗಿದ್ದಿತು. ತಮ್ಮ ಪಾಲಿನ ವಂತಿಗೆಯನ್ನೂ ಸೇರಿಸಬೇಕಾಗಿದ್ದಿತು. 2004ರವರೆಗೆ 610 ಅನುದಾನಗಳು, ಸುಮಾರು 23 ಕೋಟಿ ಡಾಲರುಗಳು ಸಂದವು. ಸ್ಥಳೀಯರು ಕೂಡಿಸಿದ ಹಣ ಅದಕ್ಕೂ ಹೆಚ್ಚು: ಸುಮಾರು 31 ಕೋಟಿ ಡಾಲರು. ಜನರಿಗೆ ಈ ವಿಷಯದಲ್ಲಿ ಆಸ್ಥೆಯಿರಲಿಲ್ಲವೆಂಬ ಆಕ್ಷೇಪಣೆಗೆ ಈ ಅಂಕಿಯೇ ಉತ್ತರವಾಗಬಲ್ಲದು.

ಈ ಯೋಜನೆ ಕೊನೆಗೊಂಡ ಬಗೆಯು ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. 1995ರಲ್ಲಿ ಅದೇ ಇಲಾಖೆ ಪ್ರಕಟಿಸಿದ ವರದಿಯು ಬಡವರೂ ಹಳ್ಳಿಗರೂ ಬಲೆಯ ಕಣ್ಣಿನಿಂದ ಜಾರಿಹೋಗುತ್ತಿರುವರೆಂದು ಎಚ್ಚರಿಸಿದ್ದಿತು. 2002ರ ವರದಿಯು ದೇಶವೇ ಅಂತರಜಾಲಕ್ಕೆ ಬಂದಿದೆಯೆಂಬ ಭಾವವನ್ನು ಶಿರೋನಾಮೆಯಲ್ಲಿಯೇ ಹೊತ್ತು ಬಂದಿತು. ಎರಡಕ್ಕೂ ಆಧಾರ ಜನಗಣತಿ ಕಚೇರಿಯ ಸಮೀಕ್ಷೆಯೇ. 2001ರ ಸೆಪ್ಟೆಂಬರಿನಲ್ಲಿ, ವರ್ಷಕ್ಕೆ 15,000 ಡಾಲರಿಗಿಂತ ಕಡಿಮೆ ಆದಾಯದ ಮನೆಗಳವರಲ್ಲಿ ಅಂತರಜಾಲ ಬಳಸುತ್ತಿದ್ದವರು ಶೇಕಡ 25. 75,000 ಡಾಲರಿಗಿಂತ ಹೆಚ್ಚು ಆದಾಯದವರಲ್ಲಿ ಸುಮಾರು ಶೇಕಡ 79. ಬಡವರಲ್ಲಿ ಬಳಕೆ ಬೆಳೆಯುತ್ತಿದ್ದ ವೇಗ ಹೆಚ್ಚೆಂಬುದು ನಿಜ. ಆದರೆ ವೇಗವನ್ನು ನೋಡಿದವರಿಗೆ ಅಂತರ ಮುಚ್ಚುತ್ತಿರುವಂತೆಯೂ, ಮಟ್ಟವನ್ನು ನೋಡಿದವರಿಗೆ ನಾಲ್ವರಲ್ಲಿ ಮೂವರು ಹೊರಗಿರುವಂತೆಯೂ ಕಂಡಿತು. ಆ ಕಾಲದ ಆಡಳಿತವು ವೇಗವನ್ನೇ ಆರಿಸಿಕೊಂಡು, ಅನುದಾನವನ್ನು ನಿಲ್ಲಿಸಲು ತನ್ನ ಆಯವ್ಯಯದಲ್ಲಿ ಸೂಚಿಸಿತು. ಅಂಕಿಗಳು ಸುಳ್ಳಾಡಲಿಲ್ಲ, ಅವುಗಳಿಗೆ ಹಾಕಿದ ಪ್ರಶ್ನೆ ಬೇರೆಯಾಯಿತು, ಅಷ್ಟೆ.

ಇಲ್ಲಿ ಹಿಂದಿನ ಒಂದು ಉದಾಹರಣೆ ನೆನಪಿಗೆ ಬರುತ್ತದೆ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಅಮೆರಿಕದ ಊರುಗಳಿಗೆ ಗ್ರಂಥಾಲಯಗಳನ್ನು ಕಟ್ಟಿಸಿಕೊಟ್ಟಾಗ, ನಿವೇಶನವನ್ನು ಊರೇ ಒದಗಿಸಬೇಕು, ತಾನು ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷವೂ ತೆರಿಗೆಯಿಂದ ನಿರ್ವಹಣೆಗೆ ತೆಗೆದಿರಿಸಬೇಕು ಎಂದು ಸಾಮಾನ್ಯವಾಗಿ ಷರತ್ತು ಹಾಕುತ್ತಿದ್ದನು. ಈ ಷರತ್ತನ್ನು ಒಪ್ಪದೆ ಹಣವನ್ನೇ ಬಿಟ್ಟ ಊರುಗಳೂ ಉಂಟು. ಕಾರ್ನೆಗಿಯ ದಾನದ ಹಿಂದಿನ ಸಂಪತ್ತು ಹೇಗೆ ಬಂದಿತೆಂಬುದು ಬೇರೆ ವಿಚಾರ. ಆದರೆ ಕಟ್ಟಡಕ್ಕಿಂತ ಅದರ ನಾಳೆಯೇ ಕಷ್ಟವಾದದ್ದೆಂಬುದನ್ನು ಆತ ಅರಿತಿದ್ದನು. 1994ರ ಯೋಜನೆಯು ವಂತಿಗೆಯನ್ನು ಕೇಳಿತೇ ಹೊರತು, ಅನುದಾನದ ಅವಧಿ ಮುಗಿದ ಮೇಲೆ ಬರತಕ್ಕ ಹಣಕ್ಕೆ ಶಾಶ್ವತವಾದ ಮೂಲವನ್ನು ಹುಟ್ಟುಹಾಕಲಿಲ್ಲ.

1996ರ ದೂರಸಂಪರ್ಕ ಶಾಸನದಿಂದ ಹುಟ್ಟಿದ ಮತ್ತೊಂದು ವ್ಯವಸ್ಥೆಯ ಗತಿ ಬೇರೆಯಾಯಿತು. ದೂರವಾಣಿ ಕಂಪನಿಗಳ ವಂತಿಗೆಯಿಂದ ಕೂಡುವ ನಿಧಿಯೊಂದರಿಂದ ಶಾಲೆಗಳಿಗೂ ಗ್ರಂಥಾಲಯಗಳಿಗೂ ಸಂಪರ್ಕದ ವೆಚ್ಚದಲ್ಲಿ, ಅಲ್ಲಿಯ ಬಡತನಕ್ಕೆ ಅನುಗುಣವಾಗಿ, ಶೇಕಡ 20ರಿಂದ 90ರವರೆಗೆ ರಿಯಾಯಿತಿ ದೊರೆಯತೊಡಗಿತು. ಆರಂಭದಲ್ಲಿ ಗೊತ್ತುಪಡಿಸಿದ ಮಿತಿ ವರ್ಷಕ್ಕೆ 225 ಕೋಟಿ ಡಾಲರು. ಈ ಹಣ ವಾರ್ಷಿಕ ಆಯವ್ಯಯವನ್ನು ಅವಲಂಬಿಸಿರದ ಕಾರಣ ಸರ್ಕಾರಗಳು ಬದಲಾದರೂ ಬತ್ತಲಿಲ್ಲ.

ತರುವಾಯದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 2009ರ ಆರ್ಥಿಕ ಪುನಶ್ಚೇತನ ಶಾಸನವು ಸಾರ್ವಜನಿಕ ಗಣಕ ಕೇಂದ್ರಗಳಿಗೆ ಕನಿಷ್ಠ 20 ಕೋಟಿ ಡಾಲರನ್ನೂ, ಅಂತರಜಾಲದ ಬಳಕೆಯನ್ನು ರೂಢಿಗೊಳಿಸುವುದಕ್ಕೆ ಕನಿಷ್ಠ 25 ಕೋಟಿಯನ್ನೂ ಮೀಸಲಿಟ್ಟಿತು. ಅದೂ ಒಂದೇ ಸಲದ ಹಣ. 2021ರ ನವೆಂಬರಿನಲ್ಲಿ ಡಿಜಿಟಲ್ ಸಮಾನತೆಯ ಶಾಸನವು 275 ಕೋಟಿ ಡಾಲರುಗಳನ್ನು ಗೊತ್ತುಮಾಡಿತು. ವೃದ್ಧರು, ಅಂಗವಿಕಲರು, ನಿವೃತ್ತ ಸೈನಿಕರು, ಹಳ್ಳಿಗರು, ಇಂಗ್ಲಿಷ್ ಸರಿಯಾಗಿ ಬಾರದವರು, ಜನಾಂಗೀಯ ಅಲ್ಪಸಂಖ್ಯಾತರು ಮುಂತಾದವರನ್ನು ಅದು ಹೆಸರಿಸಿ ಗುರುತಿಸಿತು. ರಾಜ್ಯಗಳು ವರ್ಷಗಟ್ಟಲೆ ಶ್ರಮಿಸಿ ಯೋಜನೆಗಳನ್ನು ಸಿದ್ಧಪಡಿಸಿದವು. ಮಾಸಾಶನದಂತೆ ಮನೆಗಳ ಅಂತರಜಾಲ ಶುಲ್ಕಕ್ಕೆ 30 ಡಾಲರು ನೆರವಾಗುತ್ತಿದ್ದ ಪ್ರತ್ಯೇಕ ವ್ಯವಸ್ಥೆಯು, ಸುಮಾರು 2 ಕೋಟಿ 30 ಲಕ್ಷ ಮನೆಗಳನ್ನು ಮುಟ್ಟಿದ್ದರೂ, ಹಣ ತೀರಿ 2024ರ ಜೂನಿನಲ್ಲಿ ನಿಂತಿತು. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಡಿಜಿಟಲ್ ಸಮಾನತೆಯ ಅನುದಾನವು ಜನಾಂಗ ಪಕ್ಷಪಾತದ್ದೆಂದು ಆರೋಪಿಸಿ ಅದರ ಮುಕ್ತಾಯವನ್ನು ಘೋಷಿಸಿದರು. ಅನುದಾನ ಪಡೆದವರಿಗೆ ರದ್ದತಿಯ ಪತ್ರಗಳು ಹೋದವು.

ಅದಾದ ಮರುತಿಂಗಳು, ಜೂನ್ 27ರಂದು, ಶಾಲೆ-ಗ್ರಂಥಾಲಯಗಳ ರಿಯಾಯಿತಿಗೆ ಆಧಾರವಾದ ನಿಧಿಯು ಸಂವಿಧಾನಬದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆರು ಮೂರರ ಬಹುಮತದಿಂದ ತೀರ್ಪಿತ್ತಿತು. ಆದರೆ ಆ ನಿಧಿ ಸಲ್ಲುವುದು ತಂತಿಗೂ ಉಪಕರಣಕ್ಕೂ. ಮುದುಕಿಯೊಬ್ಬಳ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಲು ಕಲಿಸುವವನ ಸಂಬಳಕ್ಕಲ್ಲ.