ಕುಲಾವಿ, ಕುಂಚಿಗೆ, ಕೌದಿ

ಜಗಳೂರು ತಾಲ್ಲೂಕಿನ ಸೊಕ್ಕೆಯ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಐದನೆಯ ತಿಂಗಳಲ್ಲಿಯೋ ಏಳನೆಯ ತಿಂಗಳಲ್ಲಿಯೋ ತವರಿನವರು ಬಂದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ನಡೆಸುವ ಮಂಗಳಕಾರ್ಯಕ್ಕೆ ‘ಕುಬಸ’ವೆಂದು ಹೆಸರು. ಶಾಸ್ತ್ರಗ್ರಂಥಗಳು ಸೀಮಂತೋನ್ನಯನವೆಂದು ಕರೆದು ಬೈತಲೆ ತೆಗೆಯುವ ಕ್ರಿಯೆಗೆ ಪ್ರಾಧಾನ್ಯ ಕೊಟ್ಟಿರುವ ಸಂಸ್ಕಾರವನ್ನು ಈ ಬಯಲುಸೀಮೆಯ ಜನ ಕುಬಸ, ಅಂದರೆ ರವಿಕೆ, ಎಂಬ ಹೊಲಿದ ಬಟ್ಟೆಯ ಹೆಸರಿನಿಂದ ಕರೆದರೆಂಬುದು ಸಾಮಾನ್ಯ ಸಂಗತಿಯಲ್ಲ. ಇಲ್ಲಿ ಕೂಸು ಕಣ್ಣು ಬಿಡುವುದಕ್ಕೆ ಮೊದಲೇ ಸೂಜಿದಾರಗಳ ಪ್ರವೇಶವಾಗಿಬಿಡುತ್ತದೆ. ಅಂದು ತೆರೆದ ಹೊಲಿಗೆಯ ಗಂಟು ತೊಟ್ಟಿಲು, ಜವಳ, ಶಾಲೆ ಎಂದು ಮುಂದುವರಿದು ಮಗು ದೊಡ್ಡದಾಗುವವರೆಗೂ ಕಟ್ಟಲ್ಪಡುವುದಿಲ್ಲ.

ಆದರೂ ಮಕ್ಕಳ ಬಟ್ಟೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಗಳು ಅತ್ಯಲ್ಪ. ಕೆರೆ ಕಟ್ಟಿಸಿದವರು, ದೇಗುಲಕ್ಕೆ ಭೂಮಿ ಬಿಟ್ಟವರು, ಗಡಿಯ ಕಾಳಗದಲ್ಲಿ ಮಡಿದವರು ಕಲ್ಲಿನ ಮೇಲೆ ಉಳಿದಿದ್ದಾರೆ. ಕೂಸಿನ ಅಂಗಿಯಾದರೋ ಒಂದು ಮಗುವಿನಿಂದ ಮತ್ತೊಂದಕ್ಕೆ ದಾಟಿ, ಕೊನೆಗೆ ತೇಪೆಯಾಗಿ, ಒರೆಸುವ ಚಿಂದಿಯಾಗಿ, ಮಣ್ಣಿಗೆ ಸೇರಿತು. ಉಳಿದದ್ದು ಮಾತು ಮತ್ತು ಆಚಾರಗಳು ಮಾತ್ರ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದನೆಂಬುದು ಆ ಕಾಲಕ್ಕೆ ಹೊಲಿಗೆ ಜೀವನೋಪಾಯವಾದ ಕಾಯಕವಾಗಿತ್ತೆಂಬುದಕ್ಕೆ ಸಾಕ್ಷಿ. ಹೊಲಿಯುವವನಿಗೆ ಕನ್ನಡದಲ್ಲಿ ಚಿಪ್ಪಿಗನೆಂದೂ ಸಿಂಪಿಗನೆಂದೂ ಹಳೆಯ ಹೆಸರುಗಳಿವೆ. ‘ದರ್ಜಿ’ ಎಂಬುದು ಪಾರಸಿಯಿಂದ ಬಂದದ್ದು. ತಾಯಂದಿರ ಬಾಯಲ್ಲಿ ಅಚ್ಚಕನ್ನಡದಂತೆ ಕೇಳಿಸುವ ‘ಕುಲಾವಿ’ ಕೂಡ ಟೊಪ್ಪಿಗೆಯೆಂಬ ಅರ್ಥದ ಪಾರಸಿ ‘ಕುಲಾಹ್’ ಶಬ್ದದ ಬಳಗದ್ದೇ. ದರಬಾರಿನವರ ತಲೆಯ ಮೇಲೆ ಮೆರೆದ ಹೆಸರು ಹೇಗೋ ಇಳಿದು ಬಂದು ಹಾಲುಗಲ್ಲದ ಕೂಸಿನ ನೆತ್ತಿಯಲ್ಲಿ ನೆಲೆಸಿತು.

ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸಬಾರದೆಂಬ ಕಟ್ಟಳೆ ಕನ್ನಡನಾಡಿನ ಬಹುಭಾಗದಲ್ಲಿ ಇದ್ದುದೇ ಆಗಿದೆ. ಅಜ್ಜಿಯ ಹಳೆಯ ಸೀರೆ, ಅಜ್ಜನ ಸವೆದ ಧೋತ್ರ, ಇವುಗಳನ್ನು ಕುದಿಸಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಅಂಗೈಯಗಲದ ಭಾಗಗಳನ್ನು ಹರಿದು ಕೂಸಿನ ಮೈಗೆ ಸುತ್ತುತ್ತಿದ್ದರು; ತೊಟ್ಟಿಲಿಗೆ ಹಾಕುವ ದಿನ ಬಂದ ಮೇಲೆ ಸೋದರಮಾವನ ಮನೆಯಿಂದ ಬಂದ ಹೊಸ ಅಂಗಿಯ ಅಂಚಿಗೆ ಅರಿಸಿನದ ಬೊಟ್ಟಿಟ್ಟು ತೊಡಿಸುತ್ತಿದ್ದರು. ಇದನ್ನು ಕೇವಲ ಬಡತನದ ಲಕ್ಷಣವೆಂದು ಭಾವಿಸುವುದು ಅನ್ಯಾಯವೆಂದೇ ನನ್ನ ಮತ. ಗಂಜಿಯ ಬಿಗುವು ಕಳೆದು, ನೂರಾರು ಒಗೆತಗಳಲ್ಲಿ ನೂಲಿನ ಒರಟುತನವೆಲ್ಲ ಕರಗಿದ ಹತ್ತಿಬಟ್ಟೆಯಷ್ಟು ಹಿತವಾದದ್ದು ಎಳೆಯ ಚರ್ಮಕ್ಕೆ ಬೇರೊಂದಿಲ್ಲ. ಕೂಸಿನ ಅಂಗಿಗೆ ಗುಂಡಿಯಿರುತ್ತಿರಲಿಲ್ಲ; ಮಲಗಿದ ಕೂಸಿಗೆ ಒತ್ತೀತೆಂದು ಬಟ್ಟೆಯದೇ ಕಸೆಗಳನ್ನು ಹೊಸೆದು ಮಗ್ಗುಲಿಗೆ ಕಟ್ಟುತ್ತಿದ್ದರು, ಹೊಲಿಗೆಯ ಮಡಿಕೆ ಮೈಗೆ ತಾಗದಂತೆ ಹೊರಮಗ್ಗುಲಿಗೆ ಬರುವ ಹಾಗೆ ತಿರುಗಿಸುತ್ತಿದ್ದರು.

ಬಯಲುಸೀಮೆಯ ಮಕ್ಕಳುಡುಪಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕುಂಚಿಗೆ. ಸುಮಾರು ಮೊಳವಗಲ, ಒಂದೂವರೆ ಮೊಳ ಉದ್ದದ ಬಟ್ಟೆಯನ್ನು ನಡುವೆ ಮಡಿಸಿ, ಮೇಲಿನ ಅಂಚನ್ನಷ್ಟೇ ಕೂಡಿಸಿ ಹೊಲಿದರೆ ತಲೆಗೊಂದು ಗೂಡಾಗುತ್ತದೆ. ಉಳಿದ ಭಾಗ ಕಿವಿಗಳನ್ನೂ ಕತ್ತನ್ನೂ ಮುಚ್ಚಿಕೊಂಡು ಬೆನ್ನಿನ ಮೇಲೆ ಇಳಿಬೀಳುತ್ತದೆ. ಕತ್ತರಿಯ ಕೆಲಸ ಬಹಳವಿಲ್ಲ, ಬಟ್ಟೆಯ ನಷ್ಟವಿಲ್ಲ. ಮಾಗಿಯ ಚಳಿಯಲ್ಲಿ ತಾಯಿ ಹೊಲಕ್ಕೆ ಹೊರಟಾಗ ಸೊಂಟದ ಮೇಲಿನ ಕೂಸಿಗೆ ಇದೇ ಮನೆ, ಇದೇ ಮಾಡು. ಒಂದು ಮನೆಯವರು ಹಳೆಯ ಟ್ರಂಕಿನಿಂದ ತೆಗೆದು ತೋರಿಸಿದ ಕುಂಚಿಗೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊರಗೆ ಕುಬಸಕ್ಕೆ ತಂದು ಮಿಕ್ಕ ಖಣದ ತುಂಡು, ಒಳಗೆ ತೆಳುವಾದ ಧೋತ್ರದ ಅಸ್ತರು, ಸುತ್ತಲೂ ಕೆಂಪು ಪಟ್ಟಿ, ನೆತ್ತಿಯ ತುದಿಗೆ ನೂಲಿನ ಗೊಂಡೆ. ಅದನ್ನು ಬೆಳಕಿಗೆ ಹಿಡಿದಾಗ, ಈಗಿರುವ ಹೊಲಿಗೆಯ ಸಾಲಿಗೆ ಒಳಗಡೆ ಬೆರಳಗಲದ ಅಂತರದಲ್ಲಿ ಸೂಜಿ ಚುಚ್ಚಿದ ಸಣ್ಣ ರಂಧ್ರಗಳ ಇನ್ನೆರಡು ಸಾಲುಗಳು ಕಂಡವು. ಮೊದಲು ಚಿಕ್ಕ ತಲೆಗೆ ಹೊಲಿದದ್ದನ್ನು ಬಿಚ್ಚಿ ದೊಡ್ಡದು ಮಾಡಿ, ಮತ್ತೊಮ್ಮೆ ಬಿಚ್ಚಿ ಇನ್ನಷ್ಟು ದೊಡ್ಡದು ಮಾಡಿದ್ದರು. ಆ ಮನೆಯಲ್ಲಿ ಬೆಳೆದ ಮಗುವಿನ ಪ್ರಾಯದ ಲೆಕ್ಕ ಅಲ್ಲಿ ಬರೆದಿಟ್ಟಂತಿತ್ತು.

ಧಾರವಾಡದ ಕಡೆಗೆ ಹೋದರೆ ಇದೇ ಕುಂಚಿಗೆ ಕುಲಾವಿಗಳ ಮೇಲೆ ಕಸೂತಿ ಅರಳುತ್ತದೆ. ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ, ಗವಂತಿ, ಮುರ್ಗಿ, ನೇಯ್ಗೆ, ಹೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲುಗಳನ್ನು ಮೂಡಿಸುವ ಆ ವಿದ್ಯೆ ಪ್ರಸಿದ್ಧವಾಗಿಯೇ ಇದೆ. ಗವಂತಿಯಲ್ಲಿ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ತೆರನಾಗಿ ಕಾಣುವುದರಿಂದ, ಗಾಳಿಗೆ ಮಗುಚುವ ಕುಂಚಿಗೆಯ ಅಂಚಿಗೆ ಅದು ಹೇಳಿ ಮಾಡಿಸಿದಂತಿದೆ. ಜಗಳೂರಿನ ಊರುಗಳಲ್ಲಿ ಅಷ್ಟು ಬಿಡುವಿನ ಕೆಲಸಕ್ಕೆ ಅವಕಾಶ ಕಡಿಮೆ. ಆದರೆ ಇಲ್ಲಿನ ತಾಂಡಾಗಳಲ್ಲಿ ಲಂಬಾಣಿ ತಾಯಂದಿರು ಕನ್ನಡಿಯ ಚೂರು, ಕವಡೆ, ಬಣ್ಣದ ದಾರಗಳಿಂದ ಮಕ್ಕಳ ಟೊಪ್ಪಿಗೆಗಳನ್ನು ಸಿಂಗರಿಸುತ್ತಿದ್ದರು. ಆ ಜನ ಕುಲಗುರುವೆಂದು ಆರಾಧಿಸುವ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಇದೇ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ಕೂಸಿನ ಕೆಳಗೆ ಹಾಸುವ ಕೌದಿಯ ಮಾತನ್ನು ಇಷ್ಟು ತಡವಾಗಿ ಎತ್ತಿದ್ದಕ್ಕೆ ಊರಿನ ಅಜ್ಜಿಯರು ನನ್ನ ಮೇಲೆ ಮುನಿದಾರು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಚಿಂದಿಗಳನ್ನು ಜೋಡಿಸಿ, ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುವ ಆ ಓಡುಹೊಲಿಗೆ ಒಬ್ಬಳ ಕೆಲಸವಲ್ಲ. ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ನಾಲ್ವರು ನಾಲ್ಕು ಕಡೆ ಕುಳಿತು, ಹಾಡುತ್ತ, ನಡುನಡುವೆ ಸೊಸೆಯಂದಿರ ಸುದ್ದಿ ಮಾತಾಡುತ್ತ ಹೊಲಿಯುವಂಥದು. ಹತ್ತಿಯ ಹಾಸಿಗೆ, ತಲೆದಿಂಬುಗಳು ಬೇಕಾದವರ ಮನೆಗೆ ಪಿಂಜಾರರು ಬಿಲ್ಲು ಹೊತ್ತು ಬರುತ್ತಿದ್ದರು. ಬಿಲ್ಲಿನ ನರ ಮಿಡಿದ ನಾದ ಕೇಳಿದರೆ ಓಣಿಯ ಮಕ್ಕಳೆಲ್ಲ ಓಡಿಬಂದು, ಹಾರುವ ಹತ್ತಿಯ ಎಳೆಗಳನ್ನು ಹಿಡಿಯಲು ಮುಗಿಬೀಳುತ್ತಿದ್ದರು. ಉತ್ತರಕನ್ನಡದ ಸಿದ್ದಿ ಸ್ತ್ರೀಯರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ‘ಫೂಲಾ’ ಎಂಬ ಹೂವನ್ನು ಹೊಲಿಯದೆ ಅದು ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಮಲಗುವ ಕೂಸಿಗೆ ಆ ಹೂವಿನ ಅರಿವಿಲ್ಲ, ಇಟ್ಟವಳ ಕೈಗಿದೆ.

ಇನ್ನು ಮಕ್ಕಳ ಸಂಭ್ರಮದ ಅಲಂಕಾರಗಳು. ಹುಟ್ಟುಹಬ್ಬವೆಂಬುದು ಇಲ್ಲಿಗೆ ಈಚೆಗೆ ಬಂದದ್ದು. ಹಳೆಯ ತಲೆಮಾರಿನ ಹಳ್ಳಿಗರಲ್ಲಿ ಅನೇಕರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದೇ ಇರುತ್ತದೆ, ಏಕೆಂದರೆ ಮಗುವನ್ನು ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಬರೆದುಕೊಂಡದ್ದೇ ಹುಟ್ಟಿದ ದಿನವಾಯಿತು. ಮಗುವಿನ ಹಬ್ಬವೆಂದರೆ ತೊಟ್ಟಿಲುಶಾಸ್ತ್ರ, ಕೊಡದಗುಡ್ಡದ ವೀರಭದ್ರನ ಸನ್ನಿಧಿಯಲ್ಲಿಯೋ ಮನೆದೇವರ ಮುಂದೆಯೋ ತೆಗೆಸುವ ಜವಳ, ಪಂಚಮಿಯ ಜೋಕಾಲಿ. ತೊಟ್ಟಿಲಿನ ಮೇಲೆ ತೂಗುಹಾಕಲು ಚಿಂದಿಯಲ್ಲಿ ಗಿಣಿ ಗುಬ್ಬಿಗಳನ್ನು ಹೊಲಿಯುತ್ತಿದ್ದರು: ಹಸಿರು ಬಟ್ಟೆಯನ್ನು ಎಲೆಯಾಕಾರಕ್ಕೆ ಕತ್ತರಿಸಿ ಎರಡು ಪದರ ಕೂಡಿಸಿ, ಒಳಗೆ ಹತ್ತಿ ತುಂಬಿ, ಕೊಕ್ಕಿಗೆ ಕೆಂಪು ತುಂಡು, ಕಣ್ಣಿಗೆ ಕರಿಮಣಿ. ಕೂಸು ಮೊದಲು ದಿಟ್ಟಿಸಿ ನೋಡಲು ಕಲಿಯುವುದು ಈ ಗಿಣಿಯನ್ನೇ. ಬಣ್ಣದ ಕಾಗದ ಅಂಗಡಿಗೆ ಬಂದ ಮೇಲೆ, ಜಾತ್ರೆಗೂ ಮದುವೆಯ ಚಪ್ಪರಕ್ಕೂ ಕಟ್ಟುತ್ತಿದ್ದ ಪರಪರಿ ತೊಟ್ಟಿಲ ಕೋಣೆಗೂ ನುಗ್ಗಿತು. ಕಾಗದವನ್ನು ಮಡಿಚಿ ಮುಕ್ಕೋಣವಾಗಿ ಕತ್ತರಿಸಿ, ಕುದಿಸಿದ ಹಿಟ್ಟಿನ ಅಂಟಿನಿಂದ ಹುರಿಗೆ ಹಚ್ಚಿ, ತೊಲೆಯಿಂದ ತೊಲೆಗೆ ಕಟ್ಟುವ ಕೆಲಸ ಹುಡುಗರದು. ಉತ್ತರದ ಜಿಲ್ಲೆಗಳಲ್ಲಿ ಸಂಕ್ರಾಂತಿಗೆ ಪುಟ್ಟ ಮಕ್ಕಳಿಗೆ ಕುಸುರೆಳ್ಳಿನ ಸರ, ಕಡಗಗಳನ್ನು ಪೋಣಿಸಿ ತೊಡಿಸುವರು.

ಯಂತ್ರದ ಪ್ರವೇಶ ಈ ಕಥೆಯ ದೊಡ್ಡ ತಿರುವು. ಸಿಂಗರ್ ಯಂತ್ರ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಭಾರತಕ್ಕೆ ಬಂದಿತ್ತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ತಯಾರಾಗತೊಡಗಿತು. ಯಂತ್ರಗಳ ಹುಚ್ಚನ್ನು ಖಂಡಿಸಿದ ಗಾಂಧೀಜಿಯವರೂ ಹೊಲಿಗೆಯಂತ್ರವನ್ನು ಉಪಯುಕ್ತವೆಂದು ಒಪ್ಪಿಕೊಂಡಿದ್ದರು. ಅದೇ 1930ರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿಗಿರಣಿ ಸ್ಥಾಪಿತವಾಗಿ, ಆ ಪೇಟೆ ಕರ್ನಾಟಕದ ಮ್ಯಾಂಚೆಸ್ಟರೆಂದು ಹೆಸರಾಯಿತು. ಆದರೆ ಬಟ್ಟೆ ಸುಲಭವಾಗುವುದಕ್ಕೆ ಮುನ್ನ ಎರಡನೆಯ ಮಹಾಯುದ್ಧ ಅಡ್ಡಬಂದಿತು. 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಜಾರಿಯಾಗಿ, ‘ಕಂಟ್ರೋಲ್ ಬಟ್ಟೆ’ ಎಂಬ ಮಾತು ಮನೆಮಾತಾಯಿತು. ಆ ಬರಗಾಲದ ಬುದ್ಧಿಯೇ ಮುಂದೆಯೂ ದರ್ಜಿಯ ಕೈಯಲ್ಲಿ ಉಳಿಯಿತೆಂದು ತೋರುತ್ತದೆ. ‘ಬೆಳೆಯೋ ಮಗು, ಸ್ವಲ್ಪ ದೊಡ್ಡದಾಗೇ ಹೊಲೀರಿ’ ಎಂದು ತಂದೆ ಹೇಳಿದೊಡನೆ ಅವನು ಲಂಗದ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟು, ಚಡ್ಡಿಯ ಸೊಂಟದಲ್ಲಿ ಬಟ್ಟೆ ಒಳಗೆ ಸೇರಿಸಿಟ್ಟು ಹೊಲಿದುಕೊಡುವನು. ವರ್ಷಕ್ಕೊಮ್ಮೆ ತಾಯಿ ಆ ಮಡಿಕೆ ಬಿಚ್ಚುವಳು. ಬಿಚ್ಚಿದೆಡೆ ಬಿಸಿಲು ಕಾಣದ ಬಣ್ಣ ಗಾಢವಾಗಿ ಉಳಿದು, ಲಂಗಕ್ಕೆ ತಾನೇ ಒಂದು ಅಂಚು ಹುಟ್ಟುತ್ತಿತ್ತು.

1997ರಲ್ಲಿ ಜಗಳೂರು ಚಿತ್ರದುರ್ಗವನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರುವ ವೇಳೆಗೆ ಸಿದ್ಧ ಉಡುಪು ಸಂತೆಯವರೆಗೂ ಬಂದಿತ್ತು. 2007ರಲ್ಲಿ ಸರ್ಕಾರದ ‘ಮಡಿಲು’ ಯೋಜನೆಯ ಮೂಲಕ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೂಸಿನ ಸ್ವೆಟರು, ಟೋಪಿ, ಕಾಲುಚೀಲ, ಹಾಸಿಗೆಗಳಿದ್ದ ಗಂಟು ದೊರೆಯತೊಡಗಿದಾಗ, ಕುಂಚಿಗೆಯ ಕೆಲಸವನ್ನು ಆ ಉಣ್ಣೆಯ ಟೋಪಿ ವಹಿಸಿಕೊಂಡಿತು. ಚಳಿಗೆ ನಡುಗುತ್ತಿದ್ದ ಎಷ್ಟೋ ಕೂಸುಗಳಿಗೆ ಅದು ಆಸರೆಯಾಯಿತೆಂದು ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೂ ಬಾಣಂತಿಯನ್ನು ಕರೆದೊಯ್ಯಲು ಆಸ್ಪತ್ರೆಯ ಬಾಗಿಲಲ್ಲಿ ನಿಂತ ಅಜ್ಜಿಯ ಕೈಚೀಲದಲ್ಲಿ, ತೆಂಗಿನಕಾಯಿ ಎಲೆಅಡಿಕೆಗಳ ಕೆಳಗೆ, ಮೆತ್ತಗೆ ಒಗೆದು ಮಡಿಚಿದ ಹಳೆಯ ಸೀರೆಯ ತುಂಡು ಇಂದಿಗೂ ಇರುತ್ತದೆ. ಸ್ವೆಟರು ತೊಡಿಸುವ ಮೊದಲು ಆಕೆ ಕೂಸನ್ನು ಅದರಲ್ಲಿ ಸುತ್ತುತ್ತಾಳೆ.