ಎದೆಕೊಳವೆ: ದಾರಿ ತಪ್ಪಿದಾಗಿನ ತೊಡಕು ಮತ್ತು ಚಿಕಿತ್ಸೆಯ ಚರಿತ್ರೆ

ಶ್ವಾಸಕೋಶದ ಸುತ್ತ ಸೇರಿಕೊಂಡ ಗಾಳಿ, ರಕ್ತ, ಕೀವು ತೆಗೆಯಲು ಪಕ್ಕೆಲುಬುಗಳ ನಡುವೆ ತೂರಿಸುವ ಕೊಳವೆ. ವಾರ್ಡುಗಳಲ್ಲಿ ಇದರ ಹೆಸರು ‘ಐಸಿಡಿ’. ರೋಗಿಯ ಕಡೆಯವರ ಮಾತಿನಲ್ಲಿ ‘ಎದೆಗೆ ಪೈಪು ಹಾಕಿದ್ದಾರೆ’.

ಎದೆಯ ಕೀವು ಬಸಿಯುವ ಕ್ರಮ ಹಿಪ್ಪೊಕ್ರೇಟಿಸನಷ್ಟು ಹಳೆಯದು. ಕೊಳವೆಯ ಹೊರತುದಿಯನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಹಿಂದಕ್ಕೆ ನುಗ್ಗದಂತೆ ಮಾಡುವ ಉಪಾಯವನ್ನು ಹ್ಯಾಂಬರ್ಗಿನ ವೈದ್ಯ ಗಾಟ್‌ಹಾರ್ಡ್ ಬ್ಯೂಲಾವ್ 1875ರಲ್ಲಿ ಬಳಸಿ, 1891ರಲ್ಲಿ ಪ್ರಕಟಿಸಿದ. ಇಂದು ಕೊಳವೆಗೆ ಜೋಡಿಸುವ ನೀರಿನ ಬಾಟಲಿಯ ಮೂಲ ಅದೇ. 1918ರಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ಎದೆಗೆ ಕೀವು ತುಂಬಿದವರ ಎದೆಯನ್ನು ಆತುರದಿಂದ ತೆರೆಯುತ್ತಿದ್ದರು; ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದರು. ಶಸ್ತ್ರಚಿಕಿತ್ಸಕ ಎವರ್ಟ್ಸ್ ಗ್ರಹಾಂ ಇದ್ದ ಸೇನಾ ಆಯೋಗ, ಮೊದಲ ಹಂತದಲ್ಲಿ ಮುಚ್ಚಿದ ಕೊಳವೆಯಿಂದಲೇ ಬಸಿಯಿರಿ ಎಂದಿತು. ಸಾವು ಶೇಕಡ 5ಕ್ಕಿಂತ ಕೆಳಗಿಳಿಯಿತು.

ಆದರೆ ತೂರಿಸುವ ರೀತಿಯೇ ಅಪಾಯ ತಂದಿತು. ಟ್ರೋಕಾರ್ ಎಂಬ ಚೂಪು ಸಲಾಕೆಯನ್ನು ಬಲವಾಗಿ ಒತ್ತುವಾಗ ಎಲ್ಲಿ ನಿಲ್ಲಬೇಕೆಂದು ಕೈಗೆ ತಿಳಿಯದು. ಶ್ವಾಸಕೋಶ, ಯಕೃತ್ತು, ಗುಲ್ಮ, ಹೃದಯಕ್ಕೂ ಚುಚ್ಚಿಕೊಂಡದ್ದುಂಟು. 2005ರ ಜನವರಿಯಿಂದ 2008ರ ಮಾರ್ಚ್‌ವರೆಗೆ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆಗೆ ಎದೆಕೊಳವೆ ಹಾಕುವಾಗಿನ 12 ಸಾವುಗಳು ವರದಿಯಾದವು.  ಈಗ ಕಂಕುಳ ಕೆಳಗಿನ ‘ಸುರಕ್ಷಿತ ತ್ರಿಕೋನ’ದಲ್ಲಿ ಸೀಳಿ, ಪಕ್ಕೆಲುಬಿನ ಮೇಲಂಚಿನಿಂದಲೇ ಒಳಹೋಗುತ್ತಾರೆ; ಏಕೆಂದರೆ ರಕ್ತನಾಳ ಕೆಳ ಅಂಚಿನಲ್ಲಿರುತ್ತದೆ. ಮೊದಲು ಬೆರಳು ಹಾಕಿ ತಡವಿ, ಶ್ವಾಸಕೋಶ ಅಂಟಿಲ್ಲವೆಂದು ಖಚಿತವಾದ ಮೇಲೆ ಕೊಳವೆ.

ತಪ್ಪಿದ ಕೊಳವೆಗೆಲ್ಲ ಒಂದೇ ಮದ್ದಿಲ್ಲ. ಚರ್ಮದಡಿಯೇ ಉಳಿದಿದ್ದರೆ ತೆಗೆದು ಹೊಸದು ಹಾಕಬೇಕು. ಹೊರಗೆ ಜಾರಿದ್ದನ್ನು ಒಳಕ್ಕೆ ತಳ್ಳಿದರೆ ಸೋಂಕೂ ಒಳಹೋಗುತ್ತದೆ. ಶ್ವಾಸಕೋಶದ ಹಾಲೆಗಳ ಸಂದಿನಲ್ಲಿದ್ದೂ ಬಸಿಯುತ್ತಿದ್ದರೆ ಹಾಗೇ ಬಿಡಬಹುದು. ಹೃದಯಕ್ಕೋ ದೊಡ್ಡ ರಕ್ತನಾಳಕ್ಕೋ ಹೊಕ್ಕು ರಕ್ತ ಧುಮ್ಮಿಕ್ಕಿದರೆ ಕಿತ್ತು ತೆಗೆಯಲೇಬಾರದು: ಕೊಳವೆಯೇ ಆ ತೂತಿಗೆ ಬಿರಡೆ. ಕ್ಲಾಂಪ್ ಹಾಕಿ, ಶಸ್ತ್ರಚಿಕಿತ್ಸಕರ ಎದುರಿನಲ್ಲೇ ತೆಗೆಯಬೇಕು. ಎಕ್ಸ್‌ರೇಯಲ್ಲಿ ಸರಿಯೆಂದು ಕಂಡದ್ದೂ ಸಿ.ಟಿ. ಸ್ಕ್ಯಾನಿನಲ್ಲಿ ತಪ್ಪೆಂದು ಗೊತ್ತಾಗುವುದುಂಟು.

ಕೊಳವೆ ಹಾಕಿದವರನ್ನು ಸಾಗಿಸುವಾಗಲೂ ಎಚ್ಚರ ಬೇಕು. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಬಳಿ, ಜಾಲ್ನಾ ರಸ್ತೆಯ ಶೇಂದ್ರಾ ಕೈಗಾರಿಕಾ ಪ್ರದೇಶದಂಥ ಕಡೆ ಎದೆಗೆ ಪೆಟ್ಟಾದವರನ್ನು ನಗರಕ್ಕೆ ಸಾಗಿಸಬೇಕಾಗುತ್ತದೆ. ಅಲ್ಲಿ 1956ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜನರ ಬಾಯಲ್ಲಿ ‘ಘಾಟಿ’. ದಾರಿಯಲ್ಲಿ ಬಾಟಲಿ ಎದೆಗಿಂತ ಕೆಳಗೇ ಇರಬೇಕು. ಗಾಳಿಗುಳ್ಳೆ ಬರುತ್ತಿದ್ದರೆ ಕ್ಲಾಂಪ್ ಹಾಕಬಾರದು. ಉಸಿರಿನೊಂದಿಗೆ ಕೊಳವೆಯಲ್ಲಿ ಏರಿಳಿಯುತ್ತಿದ್ದ ನೀರು ತಟ್ಟನೆ ನಿಂತರೆ, ಕೊಳವೆ ಮಡಚಿದೆಯೋ, ಕಟ್ಟಿಕೊಂಡಿದೆಯೋ, ಜಾರಿದೆಯೋ ಎಂದು ಆಗಲೇ ನೋಡಬೇಕು.