ಟೆಗ್ಯುಮೆಂಟ್

ಲಾಡಿಹುಳು, ಯಕೃತ್ತಿನ ಹುಳು, ಷಿಸ್ಟೊಸೋಮ ಮುಂತಾದ ಪರೋಪಜೀವಿ ಚಪ್ಪಟೆಹುಳುಗಳ ಜೀವಂತ ಹೊರಹೊದಿಕೆ. ಇದರಲ್ಲಿ ಜೀವಕೋಶಗಳನ್ನು ಬೇರ್ಪಡಿಸುವ ಪೊರೆಗಳಿಲ್ಲ. ಇಡೀ ಮೈಯನ್ನು ಆವರಿಸುವ ಒಂದೇ ಕೋಶದ್ರವ್ಯದ ಪದರವಿದು. ಕೋಶಕೇಂದ್ರಗಳುಳ್ಳ ಭಾಗಗಳು ಸ್ನಾಯುಪದರದ ಕೆಳಗಿದ್ದು, ಕಿರಿದಾದ ಎಳೆಗಳ ಮೂಲಕ ಹೊರಪದರವನ್ನು ಸೇರುತ್ತವೆ. ಕರುಳಿಲ್ಲದ ಲಾಡಿಹುಳು ಆಹಾರವನ್ನು ಹೀರುವುದು ಈ ಹೊದಿಕೆಯಿಂದಲೇ.

ಬೆಳವಣಿಗೆ: ಟೆಗ್ಯುಮೆಂಟಿನ ಕೋಶಗಳು ತಾವಾಗಿ ವಿಭಜಿಸುವುದಿಲ್ಲ. ಒಳ ಅಂಗಾಂಶದ ಆಕರಕೋಶಗಳು ವಿಭಜಿಸಿ, ಅವುಗಳ ಸಂತತಿ ಹೊರಪದರದೊಂದಿಗೆ ಬೆಸೆದುಕೊಂಡು ಸವೆದುದನ್ನು ತುಂಬುತ್ತದೆ.

ಶಿಥಿಲತೆ: ಪ್ರಾಜಿಕ್ವಾಂಟೆಲ್ ಔಷಧ ಹುಳುವಿನ ಕೋಶಗಳಿಗೆ ಕ್ಯಾಲ್ಸಿಯಂ ನುಗ್ಗುವಂತೆ ಮಾಡುತ್ತದೆ. ಸ್ನಾಯು ಸೆಟೆದು, ಹೊದಿಕೆಯಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ. ಮರೆಯಾಗಿದ್ದ ಪ್ರತಿಜನಕಗಳು ರೋಗನಿರೋಧಕ ವ್ಯವಸ್ಥೆಗೆ ತೆರೆದುಕೊಳ್ಳುತ್ತವೆ. ಆಲ್ಬೆಂಡಜೋಲ್ ಎಂಬ ಇನ್ನೊಂದು ಔಷಧ ಕೋಶದೊಳಗಿನ ಸೂಕ್ಷ್ಮನಾಳಿಕೆಗಳನ್ನು ಕೆಡಿಸುತ್ತದೆ.

ವೈದ್ಯಕೀಯ ಮಹತ್ವ: ನ್ಯೂರೋಸಿಸ್ಟಿಸರ್ಕೋಸಿಸ್ ಲಾಡಿಹುಳುವಿನಿಂದ ಬರುವ ಮಿದುಳಿನ ರೋಗ. ಹಂದಿ ಲಾಡಿಹುಳುವಿನ (ಟೀನಿಯ ಸೋಲಿಯಂ) ಮೊಟ್ಟೆಗಳು ಆಹಾರ, ನೀರಿನೊಡನೆ ಹೊಟ್ಟೆ ಸೇರಿದರೆ ಅದರ ಮರಿಗಳು ಮಿದುಳಿನಲ್ಲಿ ನೀರ್ಗುಳ್ಳೆಗಳಾಗಿ ನೆಲೆಸಬಹುದು. ಹೊದಿಕೆ ಗಟ್ಟಿಯಿರುವವರೆಗೆ ಉರಿಯೂತ ಕಡಿಮೆ. ಅದು ಶಿಥಿಲವಾದಂತೆ ಒಳಗಿನ ದ್ರವ ಮಂದವಾಗಿ, ಸುತ್ತ ಊತ ಮೂಡಿ, ಅಪಸ್ಮಾರದ ಸೆಳೆತ ಕಾಣಿಸಿಕೊಳ್ಳಬಹುದು. ಕೊನೆಗೆ ಗುಳ್ಳೆ ಕುಗ್ಗಿ ಸುಣ್ಣಗಟ್ಟುತ್ತದೆ. ಈ ಊತವನ್ನು ತಡೆಯಲೆಂದೇ ಹುಳುನಾಶಕದೊಂದಿಗೆ ಸ್ಟೀರಾಯ್ಡ್ ಕೊಡುವುದು ರೂಢಿ.